ಹದಿನಾಲ್ಕನೇ ಸಾಲಿನ ಗಾಜು

ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ
ವಿಮಾನ ನಿಲ್ದಾಣದ ಸಿಬ್ಬಂದಿ ಕೋಣೆ

ಮೇಷ್ಟ್ರಮ್ಮನವರ ಸನ್ನಿಧಾನಕ್ಕೆ,

ಎಂಟು ತಿಂಗಳಿಂದ ಬೇರೆ ಊರಿನಲ್ಲಿದ್ದರೂ ಕಾನೂನಿನ ಪ್ರಕಾರ ಇನ್ನೂ ನಿನ್ನ ಗಂಡನೇ ಆಗಿರುವ ಸಹ ಪೈಲಟ್ ಮಾಡಿಕೊಳ್ಳುವ ಅರಿಕೆ. ನಾನು ಕ್ಷೇಮ. ನಿನ್ನಮ್ಮನೂ ಕ್ಷೇಮ. ಬೆಳಿಗ್ಗೆ ಹನ್ನೊಂದೂವರೆಗೆ ಇವೆರಡೂ ಇಷ್ಟು ಖಚಿತವಾಗಿರಲಿಲ್ಲ. ಅತ್ತೆ ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಾರೆ. ನಡೆದದ್ದನ್ನು ಬರೆದೇ ಕೊಡಬೇಕಂತೆ, ಅವರೇ ನಿನಗೆ ತಲುಪಿಸುತ್ತಾರಂತೆ. ಬಾಯಲ್ಲಿ ಹೇಳಹೊರಟರೆ ನಾನು ‘ಏನಿಲ್ಲ’ ಅಂದುಬಿಡುತ್ತೇನಂತೆ.

ಇಳಿಯಲು ಹತ್ತು ನಿಮಿಷವಿತ್ತು. ಕ್ಯಾಪ್ಟನ್ ಹೇಳಿದರು, ನಾನು ಚಕ್ರ ಇಳಿಸುವ ಹಿಡಿ ಎಳೆದೆ. ವಿಮಾನಕ್ಕೆ ಮೂರು ಕಾಲು. ಒಂದೊಂದು ಕಾಲೂ ಇಳಿದು ಬೀಗ ಬಿದ್ದಂತೆ ಒಂದೊಂದು ಹಸಿರು ದೀಪ ಹೊತ್ತಬೇಕು. ಎರಡು ಹೊತ್ತಿದವು. ಬಲಗಾಲಿನದು ಕೆಂಪಗೆ ಮುಖ ಊದಿಸಿಕೊಂಡು ಕೂತಿತು, ಜೊತೆಗೆ ಎಚ್ಚರಿಕೆಯ ಹಾರ್ನ್ ಬೇರೆ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಿದೆವು. ಪುಸ್ತಕ ಹೇಳಿದಂತೆ ಎತ್ತಿದೆ, ಇಳಿಸಿದೆ, ಕೈಯಿಂದ ಎಳೆಯುವ ತಂತಿಯನ್ನೂ ಎಳೆದೆ. ಕೆಂಪು ದೀಪ ಜಪ್ಪಯ್ಯ ಅನ್ನಲಿಲ್ಲ. ಬೀಗವೇ ಬಿದ್ದಿಲ್ಲವೋ, ದೀಪಕ್ಕೆ ಸುದ್ದಿ ಮುಟ್ಟಿಲ್ಲವೋ, ಕಣ್ಣಾರೆ ನೋಡದೆ ಗೊತ್ತಾಗುವಂತಿರಲಿಲ್ಲ.

ನಮ್ಮದು ಮುದಿ ವಿಮಾನ. ಹದಿನಾಲ್ಕನೇ ಸಾಲಿನ ಹತ್ತಿರ, ಓಡಾಡುವ ದಾರಿಯ ಕಾರ್ಪೆಟ್ ಅಡಿಯಲ್ಲಿ, ಅಂಗೈಯಗಲದ ಗಾಜಿದೆ. ಅದರಲ್ಲಿ ಇಣುಕಿದರೆ ಚಕ್ರದ ಕಾಲಿಗೆ ಬಳಿದ ಎರಡು ಕೆಂಪು ಗೆರೆ ಕಾಣುತ್ತವೆ. ಗೆರೆಗಳು ಕೂಡಿದ್ದರೆ ಬೀಗ ಬಿದ್ದಿದೆ. ಕೂಡದಿದ್ದರೆ ನೆಲ ಮುಟ್ಟಿದ ಕೂಡಲೇ ಕಾಲು ಮಡಚಿಕೊಳ್ಳುತ್ತದೆ, ರೆಕ್ಕೆ ನೆಲಕ್ಕೆ ಉಜ್ಜುತ್ತದೆ. ಒಳಗಿದ್ದವರು ತೊಂಬತ್ತೆರಡು ಜನ. ಇಣುಕುವ ಘನಕಾರ್ಯ ಸಹ ಪೈಲಟ್‌ನದು.

ಮದುವೆ ಫೋಟೋದ ನಗು ಅಂಟಿಸಿಕೊಂಡು ಹೊರಬಂದೆ. ಆ ಸಾಲಿನಲ್ಲಿ, ದಾರಿ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದವರು ನನ್ನತ್ತೆ! ನಿನ್ನ ಮನೆಗೆ ಹೊರಟಿದ್ದಾರೆಂದು ನನಗೆ ಯಾರು ಹೇಳಬೇಕು? ಎಂಟು ತಿಂಗಳಿಂದ ಮಾತಿಲ್ಲ. ಅಂಥವರ ಕಾಲಬುಡದಲ್ಲಿ ಸಮವಸ್ತ್ರ ಸಮೇತ ಮಂಡಿಯೂರಿದೆ. ಅಳಿಯ ಕ್ಷಮೆ ಕೇಳುತ್ತಿದ್ದಾನೆ ಅಂದುಕೊಂಡರಂತೆ.

“ಇದನ್ನೆಲ್ಲ ಮನೇಲಿ ಮಾಡ್ಬೇಕಿತ್ತು. ಏಳಿ, ಜನ ನೋಡ್ತಿದಾರೆ,” ಅಂದರು.

ಕಾಲು ಸ್ವಲ್ಪ ಎತ್ತಿ ಎಂದು ಬೇಡಿಕೊಂಡು ಕಾರ್ಪೆಟ್ ಸುಲಿದೆ. ಏನಾಯಿತೆಂದು ಕೇಳಿದರು. ಏನಿಲ್ಲ ಎಂದೆ. ನಿನ್ನ ಹಾಗೆಯೇ ಹುಬ್ಬೇರಿಸಿದರು.

ಟಾರ್ಚ್ ಬಿಟ್ಟು ಇಣುಕಿದೆ. ಕೆಂಪು ಕಂಡಿತು, ಗೆರೆ ಕಾಣಲಿಲ್ಲ. ಗಾಜು ಕೊಳೆಯಾಗಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ. ಇರಲಿಲ್ಲ ಕಣೇ. ನನ್ನ ಬಲಗಣ್ಣಿಗೆ ಪೊರೆ ಬಂದು ವರ್ಷವಾಯಿತು, ಎಡಗಣ್ಣೂ ಅದರ ಹಿಂದೆಯೇ ಹೊರಟಿದೆ. ಹೋದ ಸಲದ ಕಣ್ಣಿನ ಪರೀಕ್ಷೆಯಲ್ಲಿ ಫಲಕದ ಅಕ್ಷರಗಳನ್ನು ಬಾಯಿಪಾಠ ಮಾಡಿ ಪಾಸಾದೆ. ನಿನ್ನ ಶಾಲೆಯಲ್ಲಾಗಿದ್ದರೆ ನೀನು ನನ್ನನ್ನು ಬೆಂಚು ಹತ್ತಿಸಿರುತ್ತಿದ್ದೆ. ಪತ್ರಿಕೆಯನ್ನು ಯಾಕೆ ಹಾಗೆ ಬೆಳಕಿಗೆ ಹಿಡಿಯುತ್ತೀರಿ ಎಂದು ನೀನು ಕೇಳಿದಾಗಲೆಲ್ಲ ಏನಿಲ್ಲ ಎಂದೆ. ಅಂಥ ಏನಿಲ್ಲಗಳ ರಾಶಿ ಸೂರು ಮುಟ್ಟಿದ ದಿನ ನೀನು ಹೊರಟೆ.

ಗೆರೆ ಕೂಡಿವೆ ಎಂದು ಹೇಳಿಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು. ಜನ ಉಳಿಯುತ್ತಿದ್ದರೋ ಇಲ್ಲವೋ. ಆದರೆ ಇನ್ನೊಂದು ಸುಳ್ಳು ಹೊರುವ ತ್ರಾಣ ನನ್ನಲ್ಲಿರಲಿಲ್ಲ.

“ಅತ್ತೆ, ನಂಗೆ ಕಾಣಿಸ್ತಿಲ್ಲ,” ಅಂದೆ.

ನಲವತ್ತು ವರ್ಷ ಬಟ್ಟೆ ಹೊಲಿದವರು. ಏನು ನೋಡಬೇಕೆಂದು ಕೇಳಿ ತಿಳಿದುಕೊಂಡು, ಕೈಚೀಲ ನನಗೆ ಕೊಟ್ಟು, ಮಂಡಿಯೂರಿ ಇಣುಕಿದರು. ಇಣುಕಿದರು, ಇಣುಕಿದರು, ನನ್ನ ವಯಸ್ಸಿಗೆ ಒಂದು ವರ್ಷ ಸೇರಿತು.

“ಕೂಡಿದೆ. ಒಂದು ನೂಲೂ ಆಚೀಚೆ ಇಲ್ಲ.”

ವಾಪಸು ಹೋಗಿ ಕ್ಯಾಪ್ಟನ್‌ಗೆ ಇದ್ದದ್ದು ಇದ್ದಹಾಗೆ ಒಪ್ಪಿಸಿದೆ. ಅವರು, “ನಿಮ್ಮತ್ತೆ ಸುಳ್ಳು ಹೇಳೋರಾ?” ಅಂದರು.

“ನನ್ನ ಮುಖ ನೋಡ್ಕೊಂಡಂತೂ ಒಂದ್ಸಲಾನೂ ಹೇಳಿಲ್ಲ, ಸಾರ್.”

ಆದರೂ ಎಲ್ಲರನ್ನೂ ತಲೆ ಬಗ್ಗಿಸಿ ಕೂರಿಸಿದೆವು, ಅಗ್ನಿಶಾಮಕದವರನ್ನು ಕರೆಸಿದೆವು. ಎಡಗಾಲು ಮೊದಲು ಊರಿತು. ಬಲಗಾಲು ಮುಟ್ಟಿತು, ಒಮ್ಮೆ ಕುಲುಕಿತು, ನಿಂತಿತು. ಕೆಟ್ಟಿದ್ದು ದೀಪದ ತಂತಿ. ಕ್ಯಾಪ್ಟನ್ ನನ್ನ ಕಡೆ ನೋಡಲಿಲ್ಲ.

ವರದಿಯಲ್ಲಿ ಕಣ್ಣಿನ ವಿಷಯ, ಬಾಯಿಪಾಠದ ವಿಷಯ ಎರಡನ್ನೂ ಬರೆದು ಸಹಿ ಹಾಕಿದೆ. ಹಾರಾಟದಿಂದ ಇಳಿಸಿದ್ದಾರೆ. ಆಮೇಲೆ ಇದೇ ಕುರ್ಚಿಯಲ್ಲಿ ಬೂಟು ಕೂಡ ಬಿಚ್ಚದೆ ಒಂದು ಗಂಟೆ ನಿದ್ದೆ ಹೋದೆ. ಎಷ್ಟು ದಿನಗಳ ನಿದ್ದೆಯೋ.

ಇಂತಿ,
ನೆಲಕ್ಕಿಳಿದ ಮಾಜಿ ಸಹ ಪೈಲಟ್
(ಗಂಡ ಎನ್ನುವುದಕ್ಕೂ ‘ಮಾಜಿ’ ಸೇರಿಸುವುದು ತಮ್ಮ ಚಿತ್ತ)

ತಾ.ಕ.: ಸೋಮವಾರ ಹತ್ತು ಗಂಟೆಗೆ ನಿಮ್ಮೂರಿನ ಕಣ್ಣಾಸ್ಪತ್ರೆಯಲ್ಲೇ ತಪಾಸಣೆ. ಹನಿ ಹಾಕಿದ ಮೇಲೆ ಒಬ್ಬನೇ ರಸ್ತೆ ದಾಟಬಾರದಂತೆ, ಕೈ ಹಿಡಿದುಕೊಳ್ಳಲು ಮನೆಯವರು ಯಾರಾದರೂ ಬರಬೇಕಂತೆ. ಅತ್ತೆ ತಯಾರಾಗಿದ್ದಾರೆ. ಅವರಿಗೆ ಮಂಡಿನೋವು, ಬರಲಾಗದು ಎಂದು ನಾನು ಡಾಕ್ಟರಿಗೆ ಹೇಳಿಬಿಟ್ಟಿದ್ದೇನೆ. ಇದೊಂದು ಸುಳ್ಳು.