ಚೆಂಡು ಉಗುಳುವ ಟೇಬಲ್

ಲೋ ತಮ್ಮ ಇಕ್ಬಾಲ್,

ನೀನು ಹೋಗಿ ವರ್ಷವಾಗುತ್ತ ಬಂತು. ಕ್ಷೇಮವೇ ಅಂತ ಕೇಳುವ ಹಾಗಿಲ್ಲ, ನಾನು ಕ್ಷೇಮ ಅಂತ ಬರೆಯುವುದಕ್ಕೂ ಮನಸ್ಸಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ, ಕೋಳಿ ಕೆದಕಿದ ಹಾಗಿದೆ ಅಂತ ನಗಬೇಡ. ನಿನ್ನ ಗರಾಜಿನ ಪೂಲ್ ಟೇಬಲ್ ಏನಾಯಿತು ಅಂತ ಹೇಳಬೇಕಾಗಿದೆ. ಬೇರೆ ಯಾರಿಗೆ ಹೇಳಲಿ? ನನ್ನ ಮಗಳ ಹತ್ತಿರ ಬಾಯಿ ತೆಗೆದರೆ, "ಅಪ್ಪಾ, ಮೀಟಿಂಗ್‌ನಲ್ಲಿದೀನಿ" ಅನ್ನುತ್ತಾಳೆ.

ಲಾಕ್‌ಡೌನ್ ಕಾಲದಲ್ಲಿ ಇಬ್ಬರೂ ಮೂತಿಗೆ ಬಟ್ಟೆ ಕಟ್ಟಿಕೊಂಡು ಬಾಡಿಗೆ ಟ್ರಕ್ಕಿನಲ್ಲಿ ಅಟ್ಲಾಂಟಕ್ಕೆ ಹೋಗಿದ್ದು ನೆನಪಿದೆಯಾ? ಅಲ್ಲೊಂದು ಪೂಲ್ ಹಾಲ್ ಮುಚ್ಚುತ್ತಿತ್ತು, ಟೇಬಲ್ ಮಾರುತ್ತಿದ್ದರು. ಅದಕ್ಕೂ ಮೊದಲು ಇಲ್ಲೇ ನಮ್ಮ ಷಾರ್ಲೆಟ್ಟಿನ ಅಂಗಡಿಗಳನ್ನೆಲ್ಲ ಸುತ್ತಿದ್ದೆವು. ಅಲ್ಲಿನ ಟೇಬಲ್ಲುಗಳಿಗೆ ಹೊರಗೆ ಪಾಲಿಶ್, ಸಿಂಹದ ಪಂಜದಂಥ ಕಾಲು. ಮೇಲೆ ಹೊದಿಸಿದ ಬಟ್ಟೆಯ ಕೆಳಗೆ ನೋಡಿದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ. ನಾನು ಬೆರಳಲ್ಲಿ ಬಡಿದು, "ಇದು ಟೇಬಲ್ ಅಲ್ಲ ಕಣೋ, ಬಿಸ್ಕತ್ತು. ಎರಡು ಮಳೆಗಾಲಕ್ಕೆ ಊದ್ಕೊಳ್ಳತ್ತೆ" ಅಂದೆ. ಮಾರುವವನಿಗೆ ಕನ್ನಡ ಬರದಿದ್ದರೂ ಅವನ ಮುಖ ಬಾಡಿತು. ಅಟ್ಲಾಂಟದ್ದು ಹಳೆಯದು, ಗೀರು ಬಿದ್ದಿತ್ತು, ಆದರೆ ಬಟ್ಟೆಯ ಕೆಳಗೆ ದಪ್ಪ ಸ್ಲೇಟು ಕಲ್ಲು, ಮೂರು ತುಂಡು, ಅಡಿಯಲ್ಲಿ ಗಟ್ಟಿ ಮರದ ಚೌಕಟ್ಟು. ಬಡಿದರೆ ಬೆರಳು ನೊಂದಿತು. ನೀನು ಕೇಳಿದೆ: "ಸಿದ್ದಣ್ಣ, ನೀವು ಮೈಸೂರು ಕ್ಲಬ್ಬಲ್ಲಿ ಮಾರ್ಕರ್ ಆಗಿದ್ರಲ್ಲ, ಅಲ್ಲಿನ ಟೇಬಲ್ ಹಿಂಗೇ ಇತ್ತಾ?" ಅಲ್ಲಿ ನನ್ನ ಕೆಲಸ ಪಾಯಿಂಟು ಕೂಗುವುದು, ಬಟ್ಟೆ ಉಜ್ಜುವುದು. ಟೇಬಲ್ ಮೇಲೆ ಬಗ್ಗಿ ಆಡುವ ಯೋಗ ಬಂದಿದ್ದು ಈ ದೇಶದಲ್ಲಿ, ಅದೂ ನಿನ್ನ ದೆಸೆಯಿಂದ.

ಗರಾಜಿನಲ್ಲಿ ಆ ಕಲ್ಲು ಇಳಿಸಿದ ದಿನ ನಸೀಮ ಬಾಗಿಲಲ್ಲಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಕಾರಿಗೆ ಬಿಸಿಲು, ಕಲ್ಲಿಗೆ ನೆರಳು. ನಾಳೆ ನನ್ನನ್ನ ಎಲ್ಲಿ ನಿಲ್ಲಿಸ್ತೀರೋ ನೋಡೋಣ." ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ ಮಾಡಿ ರಿಟೈರ್ ಆದವನು ನೀನು, ಹೆಂಡತಿಯ ಮುಂದೆ ಕ್ಯೂ ಕೋಲು ತಿರುಗಿಸುತ್ತ ನಿಂತಿದ್ದೆ.

ಒಂದು ವಾರ ಆಡಿದ ಮೇಲೆ ನಿನ್ನ ತಲೆಗೆ ಹುಳ ಹೊಕ್ಕಿತು. "ಸಿದ್ದಣ್ಣ, ಇದು ಪಾಕೆಟ್ಟಾ ಬಕೆಟ್ಟಾ? ಕಣ್ಮುಚ್ಕೊಂಡು ಹೊಡೆದ್ರೂ ಬೀಳತ್ತೆ. ನಮ್ಮೂರಿನ ಥರ ಮಾಡ್ಸೋಣ." ನಾನೇನು ಬೇಡ ಅಂದೆನೇ? ಅಮೆರಿಕದ ಟೇಬಲ್ಲಿನ ತೂತಿನ ಬಾಯಿ ಅಗಲ, ಅಂಚು ನೆಟ್ಟಗೆ. ನಮ್ಮೂರಿನ ಸ್ನೂಕರ್ ಟೇಬಲ್ಲಿನದು ಕಿರಿದು, ಅಂಚು ದುಂಡಗೆ. ರಬ್ಬರ್ ಚೂರು ಅಂಟಿಸಿ ಆರೂ ಬಾಯಿ ಬಿಗಿ ಮಾಡಿಸಿದೆವು, ಮೂಲೆ ದುಂಡಗೆ ತೀಡಿಸಿದೆವು, ದಪ್ಪ ಹಸಿರು ಉಣ್ಣೆ ಬಟ್ಟೆ ಹೊದಿಸಿದೆವು. ಆದರೆ ಸ್ನೂಕರಿನ ಚೆಂಡು ಸಣ್ಣದು, ಇಲ್ಲಿನ ಚೆಂಡು ದಪ್ಪ. ಬಾಯಿ ಊರಿನದು ಮಾಡಿ ಚೆಂಡು ಮಾತ್ರ ಇಲ್ಲಿನದೇ ಉಳಿಸಿಕೊಂಡೆವು. ಮೈಸೂರಿನ ಇಬ್ಬರು ಮೊಂಡರಲ್ಲದೆ ಇನ್ಯಾರು ಮಾಡುತ್ತಾರೆ ಇಂಥ ಕೆಲಸ? ಚೆಂಡು ಈ ಅಂಚಿಗೂ ಆ ಅಂಚಿಗೂ ಬಡಿದು, ತಲೆ ಅಲ್ಲಾಡಿಸಿ, ಹೊರಗೆ ಬರುತ್ತಿತ್ತು. ನೀನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. "ಉಗುಳ್ತು ಸಿದ್ದಣ್ಣ, ಮತ್ತೆ ಉಗುಳ್ತು."

ನಿನ್ನ ಹಳೇ ಆಫೀಸಿನ ಹುಡುಗರು ಬಂದ ಸಂಜೆ ಜ್ಞಾಪಕವಿದೆಯಾ? ಒಬ್ಬನೂ ಒಂದು ಚೆಂಡು ಬೀಳಿಸಲಿಲ್ಲ. "ಅಂಕಲ್, ಗೇಮ್ ಮುಗಿಯೋದೇ ಇಲ್ವಲ್ಲ, ಡಿನ್ನರ್‌ಗೆ ಲೇಟ್ ಆಗತ್ತೆ" ಅಂದ ಒಬ್ಬ. "ಲೇಟಾದ್ರೆ ಹೋಗು, ಬಾಗಿಲು ಎಳ್ಕೊಂಡು ಹೋಗು" ಅಂದೆ ನಾನು. ಹೋದರು, ಮತ್ತೆ ಬರಲಿಲ್ಲ. ಕೊನೆಗೆ ನಾವಿಬ್ಬರೇ. ನಮಗೇನು ಕೊರತೆಯಾಗಿತ್ತು? ನಿನ್ನ ಸಂಜೆ ನಮಾಜಿನ ಹೊತ್ತಿಗೂ ಆಟ ಮುಗಿಯದಿದ್ದರೆ ಚೆಂಡುಗಳನ್ನು ಇದ್ದಲ್ಲೇ ಬಿಟ್ಟು ನಾನು ನಡೆದುಕೊಂಡು ಮನೆಗೆ ಹೋಗುತ್ತಿದ್ದೆ, ಮರುದಿನ ಅಲ್ಲಿಂದಲೇ ಶುರು. ಜುಲೈನಲ್ಲಿ ಆ ಉಣ್ಣೆ ಬಟ್ಟೆ ಬೆವರಿ ಚೆಂಡು ಉರುಳುವುದಕ್ಕೇ ಮುನಿಸಿಕೊಳ್ಳುತ್ತಿತ್ತು. ಆಗಂತೂ ಒಂದು ಆಟ ಎರಡು ದಿನಕ್ಕೂ...

ನಿನ್ನ ಮಣ್ಣಿಗೆ ಬಂದಿದ್ದೆ. ಹಿಡಿ ಮಣ್ಣು ಹಾಕಿದೆ. ಆಮೇಲೆ ನಿನ್ನ ಬೀದಿಗೆ ಕಾಲಿಡಲಿಲ್ಲ, ನಸೀಮ ಫೋನ್ ಮಾಡುವ ತನಕ.

"ಸಿದ್ದಣ್ಣ, ಮನೆ ಮಾರ್ತಿದೀನಿ" ಅಂದಳು. "ಮಾರಿಸ್‌ವಿಲ್‌ನಲ್ಲಿ ತಂಗಿ ಪಕ್ಕದಲ್ಲೇ ಟೌನ್‌ಹೌಸ್ ಸಿಕ್ಕಿದೆ. ಈ ಕಲ್ಲನ್ನ ಏನ್ ಮಾಡ್ಲಿ ಹೇಳಿ."

"ಅದನ್ನ ಮುಟ್ಬೇಡ."

"ಮುಟ್ಟದೆ ಮನೆ ಹೆಂಗೆ ಕೊಡ್ಲಿ? ಗರಾಜ್ ಖಾಲಿ ಮಾಡ್ಕೊಡ್ಬೇಕು. ಯಾರೂ ಒಯ್ಯದಿದ್ರೆ ಜಂಕ್‌ನವರು ಬಂದು ಸುತ್ತಿಗೇಲಿ ಒಡ್ಕೊಂಡು ಹೋಗ್ತಾರಂತೆ."

ನನ್ನ ಮಗಳ ಗರಾಜಿನಲ್ಲಿ ಎರಡು ಕಾರು. ಕೇಳಿದೆ, ಬೈಸಿಕೊಂಡೆ. ಪುಕ್ಕಟೆ ಒಯ್ಯಿರಿ ಅಂತ ನಸೀಮ ಇಂಟರ್‌ನೆಟ್ಟಿನಲ್ಲಿ ಹಾಕಿದಳು. ಮೊದಲು ಬಂದವರು ಗಂಡ ಹೆಂಡತಿ, ನಮ್ಮವರೇ. ಆಕೆಗೆ ಬಟ್ಟೆ ಬೂದು ಬಣ್ಣದ್ದಾಗಬೇಕು, ಮೇಲೆ ಹಲಗೆ ಮುಚ್ಚಿದರೆ ಊಟದ ಟೇಬಲ್ ಆಗಬೇಕು. ಗಂಡ ಒಂದು ಚೆಂಡು ಹೊಡೆದ, ಉಗುಳಿತು. ಇನ್ನೊಂದು, ಅದೂ. "ಡಿಫೆಕ್ಟಿವ್ ಪೀಸ್ ಅನ್ಸತ್ತೆ" ಅಂದ. "ಡಿಫೆಕ್ಟು ನಿನ್ನ ಕೈಲಿದೆ" ಅಂದೆ. ನಸೀಮ ಹಣೆ ಚಚ್ಚಿಕೊಂಡಳು.

ಆಮೇಲೆ ರಾಕ್ ಹಿಲ್‌ನಿಂದ ವಾಂಡಾ ಅನ್ನುವ ಹೆಂಗಸು ಬಂದಳು. ಕರಿಯರಾಕೆ, ನನ್ನಷ್ಟೇ ವಯಸ್ಸು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವಳು. ಅಲ್ಲಿ ಮುದುಕ ಮುದುಕಿಯರು ಸೇರುವ ಹಾಲ್ ನೋಡಿಕೊಳ್ಳುತ್ತಾಳಂತೆ. ಟೇಬಲ್ಲಿನ ಕಾಲು, ಬಟ್ಟೆಯ ಬಣ್ಣ ಯಾವುದನ್ನೂ ನೋಡಲಿಲ್ಲ. ಬಗ್ಗಿ, ಕೆನ್ನೆಯನ್ನು ಬಟ್ಟೆಗೆ ತಾಗಿಸಿ, ಒಂದು ಚೆಂಡನ್ನು ಮೆಲ್ಲಗೆ ಬಿಟ್ಟಳು. ಅದು ಗೆರೆ ಎಳೆದ ಹಾಗೆ ಹೋಗಿ ನಿಂತಿತು. ಕಲ್ಲು ಬಂಗಾರ ಅಂದಳಂತೆ, ನಸೀಮ ಕನ್ನಡದಲ್ಲಿ ಹೇಳಿದಳು. ಆಮೇಲೆ ಆಡಿದಳು. ಉಗುಳಿತು. ಮತ್ತೆ ಆಡಿದಳು, ಮತ್ತೆ. ಆಕೆ ತೂತಿನ ಬಾಯೊಳಗೆ ಹಲ್ಲಿನ ಡಾಕ್ಟರ ಹಾಗೆ ಬೆರಳು ಹಾಕಿ ಏನೋ ಕೇಳಿದಳು. ಈ ಪಾಪದ್ದಕ್ಕೆ ಹೀಗೆ ಮಾಡಿದ್ದು ಯಾರು ಅಂತ. ಅದನ್ನು ನಸೀಮ ಕನ್ನಡಕ್ಕೆ ತಿರುಗಿಸಬೇಕಾಗಿರಲಿಲ್ಲ.

"ತಗೊಂಡು ಹೋಗ್ತಾರಂತೆ, ಆದ್ರೆ ಬಾಯಿ ಅಗಲ ಮಾಡಿಸ್ತಾರಂತೆ" ಅಂದಳು ನಸೀಮ. "ಅಲ್ಲಿ ಆಡೋರ ಕೈ ನಡುಗತ್ತಂತೆ. ಒಂದಾದ್ರೂ ಬೀಳ್ಬೇಕು, ಇಲ್ಲಾಂದ್ರೆ ನಾಳೆ ಬರೋದಿಲ್ಲ ಅಂತಾರೆ."

"ಬೇಡ ಅನ್ನು. ಇಕ್ಬಾಲ ಮಾಡ್ಸಿದ್ದು ಅದು."

ವಾಂಡಾ ತಲೆಯಾಡಿಸಿ ಹೊರಟುಹೋದಳು. ನಸೀಮ ನನ್ನ ಕಡೆ ತಿರುಗಿದಳು. ಅಷ್ಟು ವರ್ಷದಲ್ಲಿ ಅವಳು ದನಿ ಏರಿಸಿದ್ದು ಅವತ್ತೇ. "ಸುತ್ತಿಗೆ ಏಟು ಬೀಳೋವಾಗ ನೀವೇ ನಿಂತು ನೋಡ್ತೀರಾ? ನನ್ನ ಕೈಲಾಗಲ್ಲ ಸಿದ್ದಣ್ಣ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನೊಬ್ಬನೇ ಉಳಿದೆ. ಕೋಲು ತೆಗೆದುಕೊಂಡು ಮೂಲೆಗೆ ಒಂದು ಚೆಂಡು ಹೊಡೆದೆ. ಉಗುಳಿತು. ಇನ್ನೊಂದು ಹೊಡೆದೆ. ಅದೇ ಕಥೆ. ಎದುರು ನೀನಿದ್ದಾಗ ಅದು ತಮಾಷೆಯಾಗಿತ್ತು ಕಣೋ. ನೀನಿಲ್ಲದೆ ಅದು ಬರೀ ವಾಪಸ್ ಬರುವ ಚೆಂಡು. ಯಾರು ಬಂದರೂ ಬೀಳಿಸಲಾಗದ ಟೇಬಲ್ ಇಟ್ಟುಕೊಂಡು ಯಾರೂ ಬರಲಿಲ್ಲ ಅಂತ ಅಳುವುದು ಯಾವ ನ್ಯಾಯ? ನಸೀಮಳ ಬಾಗಿಲು ತಟ್ಟಿ, "ಆ ಹೆಂಗಸಿಗೆ ಫೋನ್ ಮಾಡು" ಅಂದೆ.

ರಾಕ್ ಹಿಲ್ ಹಾಲಿನಲ್ಲಿ ರಬ್ಬರ್ ಕೀಳುವಾಗ ನಿಂತು ನೋಡಿದೆ. ಕೆಲಸದವನನ್ನು ಕನ್ನಡದಲ್ಲಿ ಚೆನ್ನಾಗಿ ಬೈದೆ, ಅವನು ನಕ್ಕು ಥ್ಯಾಂಕ್ಯೂ ಅಂದ. ಕಲ್ಲಿನ ಸಂದಿಗೆ ಹೊಸ ಮೇಣ ತುಂಬಿ ತೀಡಿದ, ಅದನ್ನು ಮಾತ್ರ ಒಪ್ಪಿದೆ. ಈಗಿನ ಬಟ್ಟೆ ತೆಳು, ಜಾರುತ್ತದೆ. ಬಣ್ಣ ನೀಲಿ. ಹೌದು, ನೀಲಿ. ವಯಸ್ಸಾದ ಕಣ್ಣಿಗೆ ಅದರ ಮೇಲೆ ಚೆಂಡು ಚೆನ್ನಾಗಿ ಕಾಣುತ್ತದೆ ಅಂದಳು ವಾಂಡಾ. ಒಪ್ಪಿಕೊಳ್ಳಲು ಮೈ ಉರಿಯುತ್ತದೆ, ಆದರೆ ಕಾಣುತ್ತದೆ.

ಮಂಗಳವಾರ ಮಂಗಳವಾರ ಮಗಳು ನನ್ನನ್ನು ಅಲ್ಲಿ ಇಳಿಸಿ ಹೋಗುತ್ತಾಳೆ. ಕೈ ನಡುಗುವ ಒಬ್ಬ ಮುದುಕ ಮೊದಲ ಚೆಂಡು ಬೀಳಿಸಿದಾಗ ಸುತ್ತ ಇದ್ದವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದ, ಎಲ್ಲರೂ ನೋಡಿದರಾ ಅಂತ. ನಾನೂ ಶಹಭಾಸ್ ಅಂತ ಕೋಲು ನೆಲಕ್ಕೆ ಕುಟ್ಟಿದೆ.

ಇಕ್ಬಾಲ್, ನಿನಗೆ ತಿಳಿಯದ ಸುದ್ದಿ ಇದೇ: ನಿನ್ನ ಟೇಬಲ್ಲಿನ ಮೇಲೆ ಈಗ ಎಲ್ಲರೂ ಗೆಲ್ಲುತ್ತಾರೆ. ಕಾಫಿ ಆರುವ ಮೊದಲೇ ಆಟ ಮುಗಿಯುತ್ತದೆ. ಕಳೆದ ವಾರ ನಾನೂ ಗೆದ್ದೆ. ಕೊನೆಯ ಚೆಂಡು ಸದ್ದಿಲ್ಲದೆ ಇಳಿದುಹೋಯಿತು. ವಾಂಡಾ ಬೆನ್ನು ತಟ್ಟಿದಳು, ಉಳಿದವರು ಚಪ್ಪಾಳೆ ಹೊಡೆದರು, ಬಹಳ ಒಳ್ಳೆಯ ಜನ. ಅಷ್ಟು ಜನರಲ್ಲಿ, "ಥೂ, ಇದೂ ಒಂದು ಗೆಲುವಾ ಸಿದ್ದಣ್ಣ, ಬಕೆಟ್ಟಿಗೆ ಹಾಕಿದ ಹಾಗೆ" ಅನ್ನುವವನು ಒಬ್ಬನೂ ಇರಲಿಲ್ಲ.

ಬರುವ ಮಂಗಳವಾರವೂ ಹೋಗುತ್ತೇನೆ.

ನಿನ್ನ
ಸಿದ್ದಣ್ಣ