ಹೆಬ್ರಿ ಸುತ್ತಿ ಬಂದ ಟೋಸ್ಟು

೧೧ ಏಪ್ರಿಲ್ ೧೯೭೮, ಮಂಗಳವಾರ

ಬೆಳಗಿನ ಪಾಳಿ. ಉಡುಪಿ ಬಸ್ಸುಗಳನ್ನು ಒಂದರ ಹಿಂದೆ ಒಂದು ತುಂಬಿಸಿ ಕಳಿಸಿದೆ. ಕಾರ್ಕಳ ಸ್ಟ್ಯಾಂಡಿನಲ್ಲಿ ಬೇರೆ ಏಜೆಂಟರೂ ಇದ್ದಾರೆ. ಆದರೆ ನಾನು ‘ಉಡ್ಪಿ ಉಡ್ಪಿ ಉಡ್ಪೀ’ ಎಂದು ಕೂಗಿದರೆ ಮೂಡಬಿದ್ರೆಗೆ ಹೊರಟವನೂ ಒಮ್ಮೆ ಯೋಚನೆ ಮಾಡುತ್ತಾನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಗಂಟಲು. ಬಿ.ಎ. ಮಾಡಿದವರಿಗೆ ಇದು ಇಲ್ಲ.

ಮಧ್ಯಾಹ್ನ ಝೀಟಾ ಬಂದಳು. ಪಾಸು! ನರ್ಸ್ ಆದಳು. ಅಣ್ಣ ಲೂಯಿಸ್ ದಾರ್-ಎಸ್-ಸಲಾಮಿನಿಂದ ಮಗಳನ್ನು ಮಣಿಪಾಲಕ್ಕೆ ಓದಲು ಕಳಿಸಿದಾಗ ಲೋಕಲ್ ಗಾರ್ಡಿಯನ್ ಎಂದು ಸಹಿ ಹಾಕಿದವನು ನಾನು. ಆ ಸಹಿ ಈಗಲೂ ಚೆನ್ನಾಗಿದೆ, ಹಾಸ್ಟೆಲ್ ವಾರ್ಡನ್ ಕೂಡ ಹೊಗಳಿದ್ದರು.

ಮುಂದಿನ ತಿಂಗಳು ಹಿಂದೆ ಹೋಗುತ್ತಾಳೆ. ಅಷ್ಟರಲ್ಲಿ ಸೆಂಡ್ ಆಫ್ ಮೇಲೆ ಸೆಂಡ್ ಆಫ್. ಶನಿವಾರ ಕಾಲೇಜಿನದ್ದು. ಕೊನೆಗೆ ನಮ್ಮ ಮನೆಯದ್ದು. ನಡುವೆ ಕಾಪು.

“ಕಾಪುವಿನಲ್ಲಿ ಎಂತದು?” ಕೇಳಿದೆ, ಗೊತ್ತಿಲ್ಲದವನ ಹಾಗೆ.

“ಬಾಬು ಊಟಕ್ಕೆ ಕರೆದಿದ್ದಾರೆ, ಅಂಕಲ್.”

ಬಾಬು ಎಂದರೆ ಅವಳ ಆಫ್ರಿಕಾದ ಭಾಷೆಯಲ್ಲಿ ಅಜ್ಜ. ಕಾಪುವಿನಲ್ಲಿ ಒಣಮೀನು, ಬೆಲ್ಲ, ಬೀಡಿ ಮಾರುವ ಮೊಯಿದಿನಬ್ಬ ಬ್ಯಾರಿ ಅವಳಿಗೆ ಅಜ್ಜ. ರಕ್ತ ಹಂಚಿಕೊಂಡ ನಾನು ಅಂಕಲ್. ಬಸ್ಸಿನಲ್ಲಿ ಜಾಗ ಬಿಡುವವನಿಗೂ ಅವಳು ಅಂಕಲ್ ಎನ್ನುತ್ತಾಳೆ.

೧೨ ಏಪ್ರಿಲ್, ಬುಧವಾರ

ನಿದ್ದೆ ಸರಿಯಾಗಲಿಲ್ಲ. ಆ ಮೊಯಿದಿನಬ್ಬ ಎಲ್ಲಿಂದ ಗಂಟುಬಿದ್ದ ಎಂದು ಯೋಚಿಸುತ್ತಿದ್ದೆ.

ಎರಡನೇ ವರ್ಷ. ಝೀಟಾಳಿಗೆ ಸರ್ಜರಿ ವಾರ್ಡಿನಲ್ಲಿ ಡ್ಯೂಟಿ. ಹರ್ನಿಯಾ ಆಪರೇಷನ್ ಆದ ಒಬ್ಬ ಮುದುಕ ಮಂಪರಿನಲ್ಲಿ ‘ಮಾಜಿ, ಮಾಜಿ’ ಎನ್ನುತ್ತಿದ್ದನಂತೆ. ಯಾರಿಗೂ ತಿಳಿಯಲಿಲ್ಲ. ಇವಳು ಓಡಿಹೋಗಿ ತುಟಿಗೆ ನೀರು ಒರೆಸಿದಳು. ಮಾಜಿ ಎಂದರೆ ಸ್ವಾಹಿಲಿಯಲ್ಲಿ ನೀರು. ಮುದುಕ ಹರೆಯದಲ್ಲಿ ದಾರ್-ಎಸ್-ಸಲಾಮಿನ ಹೋಟೆಲಿನಲ್ಲಿ ಅಡುಗೆಯವನಾಗಿದ್ದನಂತೆ. ಅಲ್ಲಿಗೆ ಮುಗಿಯಿತು ನನ್ನ ಕಥೆ. ಮೊದಲು ಎಲ್ಲ ಭಾನುವಾರ ಕಾರ್ಕಳಕ್ಕೆ ಬರುತ್ತಿದ್ದಳು. ಆಮೇಲೆ ಒಂದು ಭಾನುವಾರ ಕಾರ್ಕಳ, ಒಂದು ಭಾನುವಾರ ಕಾಪು.

ನನ್ನ ಹತ್ತಿರ ಕೊಂಕಣಿ ಮಾತಾಡುತ್ತಾಳೆ, ಶಬ್ದ ಹುಡುಕಿ ಹುಡುಕಿ. ಅವನ ಹತ್ತಿರ ಸ್ವಾಹಿಲಿಯಲ್ಲಿ ನಗುತ್ತಾಳೆ.

೧೫ ಏಪ್ರಿಲ್, ಶನಿವಾರ

ಮಣಿಪಾಲದ ಸೆಂಡ್ ಆಫ್. ಮದುವೆಯ ಕೋಟು ಹಾಕಿದೆ. ಗುಂಡಿ ಹಾಕಲು ಆಗಲಿಲ್ಲ, ತೆರೆದಿಟ್ಟರೇ ಚೆಂದ ಎಂದು ರೋಸಿಗೆ ಹೇಳಿದೆ. ಅವಳು ನನ್ನನ್ನು ಮದುವೆಯಾದಂದಿನಿಂದ ಹೀಗೆಯೇ ನಂಬದೆ ನೋಡುತ್ತಾಳೆ.

ಹುಡುಗಿಯರು ಬಿಳಿ ಸೀರೆ, ಕೈಯಲ್ಲಿ ದೀಪ. ಯಾರೋ ದೊಡ್ಡ ಡಾಕ್ಟರು ಇಂಗ್ಲಿಷಿನಲ್ಲಿ ಭಾಷಣ ಮಾಡಿದರು. ವಿಷಯ ಒಳ್ಳೆಯದಿರಬಹುದು, ಧ್ವನಿ ಸಾಲದು. ಹಿಂದಿನ ಸಾಲಿಗೆ ಏನೂ ಮುಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ನಾನಿದ್ದೆ. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೊಪ್ಪಿ — ಮೊಯಿದಿನಬ್ಬ! ಬೇಗ ಬಂದು ಕೂತಿದ್ದ ಅಷ್ಟೇ, ಎನ್ನುತ್ತಾಳೆ ರೋಸಿ.

ಮನೆಯವರಿಗೆ ಒಂದೊಂದು ಗುಲಾಬಿ ಕೊಡುವ ಕ್ರಮ. ಝೀಟಾ ಮೊದಲು ನನ್ನ ಹತ್ತಿರ ಬಂದಳು, ಒಪ್ಪುತ್ತೇನೆ. ಆಮೇಲೆ ಅವನಿಗೆ ಕೊಡುವಾಗ ಅವನೇನೋ ಹೇಳಿದ, ನನ್ನ ಕಡೆ ನೋಡಿದ. ಇವಳು ಬಾಯಿ ಮುಚ್ಚಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಹೂವು ನನಗೆ. ನಗು ಅವನಿಗೆ. ನನ್ನ ಕೋಟಿನ ಮೇಲೇ ಇರಬೇಕು ಆ ನಗು.

೨೦ ಏಪ್ರಿಲ್, ಗುರುವಾರ

ಮಹಾ ಮೋಸ!

ನಮ್ಮ ಮನೆಯ ಊಟ ಮೂವತ್ತನೇ ತಾರೀಕಿಗೆ. ಊಟಕ್ಕೆ ಮುಂಚೆ ಟೋಸ್ಟ್ ಎತ್ತಬೇಕಲ್ಲ. ಗ್ಲಾಸು ಹಿಡಿದು ನಾಲ್ಕು ಮಾತು ಹೇಳಿ, ಎಲ್ಲರೂ ಎದ್ದು ಹಾಡಿ, ಗುಟುಕು ವೈನ್ ಕುಡಿದ ಮೇಲೆಯೇ ಊಟ. ಕಾರ್ಕಳದಲ್ಲಿ ಟೋಸ್ಟ್ ಎಂದರೆ ಇಮ್ಯಾನುಯೆಲ್. ಮದುವೆ, ನಾಮಕರಣ, ಬೆಳ್ಳಿಹಬ್ಬ — ನಾನು ಅಳಿಸಿ ನಗಿಸದ ಮನೆ ಇಲ್ಲ. ಝೀಟಾಳ ಟೋಸ್ಟನ್ನಂತೂ ಅವಳು ಬಂದ ದಿನದಿಂದ ಕಟ್ಟುತ್ತಿದ್ದೇನೆ. ಬಚ್ಚಲಲ್ಲಿ ಹೇಳಿಕೊಂಡು ನಾನೇ ಅತ್ತಿದ್ದೇನೆ.

ಇವತ್ತು ರೋಸಿ ಅಕ್ಕಿ ಆರಿಸುತ್ತ, “ಟೋಸ್ಟಿಗೆ ಯಾರನ್ನು ಹೇಳುವುದು?” ಎಂದಳು.

“ಯಾರನ್ನೆಂದರೆ? ನಾನಿಲ್ಲವಾ?”

“ನಿಮಗೆ ಎಂತ ಆಗಿದೆ? ಊಟ ಕೊಡುವ ಯಜಮಾನ ತನ್ನ ಮನೆಯಲ್ಲಿ ತಾನೇ ಟೋಸ್ಟ್ ಎತ್ತುತ್ತಾನಾ? ಬಂದವರು ಎದ್ದು ಮನೆಯವರನ್ನೂ ಹೊಗಳಬೇಕು. ನಿಮ್ಮನ್ನು ನೀವೇ ಹೊಗಳುವುದಾ?”

ಅದು ನನಗೆ ಕಷ್ಟವಲ್ಲ. ಆದರೆ ಕ್ರಮ ಕ್ರಮವೇ. ಎಷ್ಟೋ ಮನೆಯಲ್ಲಿ ಎತ್ತಿದವನು ನಾನು, ಸ್ವಂತ ಮನೆಯಲ್ಲಿ ಇದು ಹೊಳೆಯಲೇ ಇಲ್ಲ.

ಝೀಟಾ ಅಲ್ಲೇ ಇದ್ದಳು. “ಬಾಬು ಎತ್ತಲಿ ಅಂಕಲ್,” ಎಂದಳು, ಮೆಲ್ಲಗೆ.

“ಅವರು ವೈನ್ ಮುಟ್ಟುವುದಿಲ್ಲ ಮಗಾ.”

“ಶರಬತ್ತು ಹಿಡಿಯಲಿ.”

“ಕೊಂಕಣಿ ಬರುವುದಿಲ್ಲ.”

“ಸ್ವಾಹಿಲಿಯಲ್ಲಿ ಹೇಳಲಿ. ನನಗೆ ಅರ್ಥವಾದರೆ ಸಾಕಲ್ವಾ?”

ರೋಸಿ ತಲೆ ಆಡಿಸಿಬಿಟ್ಟಳು. ನನ್ನ ಮನೆ, ನನ್ನ ಹಂದಿ ಮಾಂಸ, ನನ್ನ ಹುಡುಗಿ. ಟೋಸ್ಟ್ ಕಾಪುವಿನದ್ದು.

೨೩ ಏಪ್ರಿಲ್, ಭಾನುವಾರ

ಕಾಪುವಿಗೆ ಹೋದೆ. ಗಾರ್ಡಿಯನ್ ಇಲ್ಲದೆ ಹುಡುಗಿ ಒಬ್ಬಳೇ ಹೋಗುವುದು ಸರಿಯಲ್ಲ ಎಂದು ಹೇಳಿದೆ. ಎರಡು ವರ್ಷದಿಂದ ಒಬ್ಬಳೇ ಹೋಗುತ್ತಿದ್ದಾಳಲ್ಲ, ಎಂದಳು ರೋಸಿ. 

ಅಕ್ಕಿ ರೊಟ್ಟಿ, ಕೋಳಿ ಸಾರು, ತುಪ್ಪದ ಅನ್ನ. ತಪ್ಪು ಹುಡುಕಿದೆ, ಸಿಗಲಿಲ್ಲ. ಇಷ್ಟರ ಮೇಲೆ ಮೊಯಿದಿನಬ್ಬ ಒಳಗಿನಿಂದ ಒಂದು ಬಟ್ಟಲು ತಂದ. ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಆಫ್ರಿಕಾದ ಊಟವಂತೆ, ಉಪ್ಪು ಕೂಡ ಇಲ್ಲ. ಝೀಟಾ ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಅವಳು ಕಾಪುವಿನಲ್ಲಿ ಇರಲಿಲ್ಲ.

ನಮ್ಮ ಮನೆಯ ಇಡ್ಲಿಯಂಥ ಮೆತ್ತನೆಯ ಸಾನ್ನದ ಮುಂದೆ ಎಂದಾದರೂ ಕಣ್ಣು ಮುಚ್ಚಿದ್ದಾಳಾ?

ಊಟದ ಮೇಲೆ ಅವರಿಬ್ಬರೂ ಜಗಲಿಯಲ್ಲಿ ಕೂತು ಆ ಭಾಷೆಯಲ್ಲಿ ಮಾತು, ಮಾತು, ಮಾತು. ಮೊಯಿದಿನಬ್ಬನ ಹೆಂಡತಿ ಸಾರಮ್ಮ ನನಗೆ ಚಹಾ ಕೊಟ್ಟು ಬಾಗಿಲ ಮರೆಯಿಂದ, ಕ್ರಿಶ್ಚಿಯನ್ನರನ್ನು ಎಲ್ಲರೂ ಕರೆಯುವಂತೆ ಪೊರ್ಬು ಎಂದು ಕರೆದು ಹೇಳಿದರು: “ನೋಡಿ ಪೊರ್ಬುಗಳೇ, ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಇವರು ಇಷ್ಟು ಮಾತಾಡಿದ್ದು ಉಂಟಾ? ಉಪ್ಪು ಕಡಿಮೆ, ಉಪ್ಪು ಹೆಚ್ಚು — ಅಷ್ಟೇ. ನಿಮಗೂ ನನಗೂ ಒಂದೇ ಕಾಯಿಲೆ.”

“ನನಗೆಂತ ಕಾಯಿಲೆ?” ಎಂದೆ.

“ಚಹಾಕ್ಕೆ ಸಕ್ಕರೆ ಹಾಕಿಲ್ಲ ನಾನು. ನೀವು ಅರ್ಧ ಕುಡಿದಿದ್ದೀರಿ.”

೨೮ ಏಪ್ರಿಲ್, ಶುಕ್ರವಾರ

ಒಂದು ಸಣ್ಣ ಕೆಲಸ ಮಾಡಿದೆ.

ಕಾಪುವಿನವರು ಕಾರ್ಕಳಕ್ಕೆ ಬರಬೇಕಾದರೆ ಪಡುಬಿದ್ರಿಗೆ ಹೋಗಿ ಬೆಳ್ಮಣ್ಣಿನ ಮೇಲೆ ಬರುವುದು. ಮಗುವಿಗೂ ಗೊತ್ತು. ಕಂಡಕ್ಟರ್ ದೇವದಾಸನನ್ನು ಕರೆದು ಹೇಳಿದೆ: “ಕಾಪುವಿನ ಮೊಯಿದಿನಬ್ಬ ಬ್ಯಾರಿಗಳಿಗೆ ಒಂದು ಸುದ್ದಿ ಮುಟ್ಟಿಸು ಮಾರಾಯ. ಬೆಳ್ಮಣ್ಣಿನ ಹತ್ತಿರ ಮೋರಿ ಕುಸಿದಿದೆ. ಭಾನುವಾರ ಉಡುಪಿಗೆ ಹೋಗಿ ಹೆಬ್ರಿ ಬಸ್ಸು ಹತ್ತಲಿ. ಹೆಬ್ರಿಯಿಂದ ಕಾರ್ಕಳಕ್ಕೆ ಬರಲಿ.”

“ಮೋರಿ ಕುಸಿದಿದೆಯಾ? ನಾನು ಬೆಳಿಗ್ಗೆ ಅದರ ಮೇಲೆಯೇ ಬಂದೆ.”

“ಮಧ್ಯಾಹ್ನ ಕುಸಿಯುತ್ತದೆ. ಏಜೆಂಟ್ ನಾನಾ ನೀನಾ?”

ಭಾನುವಾರ ಹೆಬ್ರಿಯಿಂದ ಕಾರ್ಕಳಕ್ಕೆ ಮಧ್ಯಾಹ್ನದ ಬಸ್ಸು ಇಲ್ಲ. ಈ ವಿಷಯ ನನ್ನಷ್ಟು ಚೆನ್ನಾಗಿ ಜಿಲ್ಲೆಯಲ್ಲಿ ಯಾರಿಗೂ ಗೊತ್ತಿಲ್ಲ. ಟೋಸ್ಟಿಗೆ ಜನ ಇಲ್ಲ ಎಂದಾಗ ಎಲ್ಲರೂ ಹೇಳುತ್ತಾರೆ, ‘ನೀನೇ ಎತ್ತು ಇಮ್ಯಾನುಯೆಲ್’. ಬೇಡ ಬೇಡ ಎನ್ನುತ್ತೇನೆ, ಎರಡು ಸಲ. ಆಮೇಲೆ ಏಳುತ್ತೇನೆ.

ಕೆಟ್ಟದ್ದೇನಿಲ್ಲ. ಹೆಬ್ರಿ ತಂಪು ಊರು.

೩೦ ಏಪ್ರಿಲ್, ಭಾನುವಾರ

ಬರೆಯದೆ ಮಲಗಬೇಕೆಂದಿದ್ದೆ. ಆದರೂ ಬರೆಯುತ್ತೇನೆ.

ಅಂಗಳಕ್ಕೆ ಚಪ್ಪರ. ಗ್ಲಾಸುಗಳಿಗೆ ವೈನ್ ಹೊಯ್ದಾಯಿತು. ಎಲ್ಲರೂ ಬಂದರು, ಮೊಯಿದಿನಬ್ಬ ಬರಲಿಲ್ಲ. ಶಿರ್ವದಿಂದ ಬಂದ ದೊಡ್ಡಪ್ಪನ ಮಗ ಜೋಕಿಮನಿಗೆ ಹಸಿವು ತಡೆಯುವುದಿಲ್ಲ. “ನೀನೇ ಎತ್ತು ಮಾರಾಯ, ಕ್ರಮ ಗಿಮ ಆಮೇಲೆ ನೋಡುವ,” ಎಂದ. ಬೇಡ ಎಂದೆ. ಮತ್ತೆ ಹೇಳಿದ. ಬೇಡ ಎಂದೆ. ಎದ್ದೆ. ಗಂಟಲು ಸರಿ ಮಾಡಿಕೊಂಡೆ.

ಝೀಟಾ ಬಂದು ನನ್ನ ಗ್ಲಾಸಿನ ಮೇಲೆ ಕೈ ಇಟ್ಟಳು.

“ಅಂಕಲ್, ಸ್ವಲ್ಪ ಕಾಯೋಣ. ನೀವು ನನಗಾಗಿ ಬಸ್ಸನ್ನೇ ನಿಲ್ಲಿಸುತ್ತಿದ್ದಿರಿ. ಒಂದು ಊಟ ನಿಲ್ಲಿಸಲಿಕ್ಕೆ ಆಗುವುದಿಲ್ಲವಾ?”

ಅದು ನಿಜ. ಭಾನುವಾರ ಸಂಜೆ ಇವಳು ಹೊರಡುವಾಗ ಯಾವಾಗಲೂ ತಡ. ಟಯರ್ ನೋಡಬೇಕು, ಪಾರ್ಸೆಲ್ ಬರಬೇಕು ಎಂದು ಸುಳ್ಳು ಹೇಳಿ ಮಣಿಪಾಲದ ಬಸ್ಸು ಹಿಡಿದಿಡುತ್ತಿದ್ದೆ. ಡ್ರೈವರ್ ಬಯ್ಯುತ್ತಿದ್ದ, ಜನ ಬಯ್ಯುತ್ತಿದ್ದರು. ಇವಳು ಗಮನಿಸಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ.

ಕೂತೆ. ಅವಳು ಗೇಟಿನ ಹತ್ತಿರ ಹೋಗಿ ನಿಂತಳು. ಬಿಸಿಲು. ಸಾನ್ನ ಒಣಗಿತು, ಸಾರಿನ ಮೇಲೆ ಕೊಬ್ಬು ಕಟ್ಟಿತು. ಬಂದವರು ವೈನ್ ನೋಡುತ್ತ ನೀರು ಕುಡಿದರು. ಅವಳು ಗೇಟು ಬಿಡಲಿಲ್ಲ. ಮೋರಿಯ ಸುದ್ದಿ ನಾಲಿಗೆಯ ತುದಿಗೆ ಬಂತು. ನುಂಗಿದೆ.

ಬಿಸಿಲು ಇಳಿಯುವಾಗ ಬಂದ. ಯಾವುದೋ ಸೌದೆ ಲಾರಿಯಲ್ಲಿ. ಬಿಳಿ ಅಂಗಿಯೆಲ್ಲ ಕೆಂಪು ಧೂಳು, ಎದೆಗೆ ಝೀಟಾಳಿಗೆಂದು ತಂದ ಬೆಲ್ಲದ ಪೊಟ್ಟಣ ಒತ್ತಿಕೊಂಡಿದ್ದ.

“ಎಂತ ಬ್ಯಾರಿಗಳೇ, ಇಷ್ಟು ಹೊತ್ತು?” ರೋಸಿ ಕೇಳಿದಳು.

ಮೊಯಿದಿನಬ್ಬ ನನ್ನನ್ನು ನೋಡಿದ. ಎಲ್ಲ ಗೊತ್ತು ಅವನಿಗೆ. ನಾನು ಗ್ಲಾಸು ನೋಡಿದೆ.

“ವಯಸ್ಸಾಯಿತಲ್ಲ ಅಮ್ಮ. ನಿದ್ದೆಗಣ್ಣಿನಲ್ಲಿ ಬೇರೆ ಬಸ್ಸು ಹತ್ತಿಬಿಟ್ಟೆ. ಹೆಬ್ರಿಯಲ್ಲಿ ಎಚ್ಚರವಾಯಿತು.”

ಮುಖ ತೊಳೆದು, ಶರಬತ್ತಿನ ಗ್ಲಾಸು ಹಿಡಿದು ನಿಂತ. ಸ್ವಾಹಿಲಿ. ಧ್ವನಿ ಸಣ್ಣದು, ಜೋಕಿಮನ ಹೊಟ್ಟೆಯ ಸದ್ದು ಅದಕ್ಕಿಂತ ದೊಡ್ಡದು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಆದರೆ ನಡುನಡುವೆ ‘ಇಮ್ಯಾನುಯೆಲ್’ ಎನ್ನುತ್ತಿದ್ದ. ಮತ್ತೆ ಮತ್ತೆ. ಝೀಟಾ ಮೊದಲು ನಕ್ಕಳು. ಆಮೇಲೆ ಅತ್ತಳು. ಆಮೇಲೆ ನನ್ನನ್ನೇ ನೋಡುತ್ತ ಅತ್ತಳು. ಎಲ್ಲರೂ ಎದ್ದು ಹಾಡಿದೆವು.

ಹೇಳಿಬಿಟ್ಟನಾ? ಮೋರಿಯ ವಿಷಯ ಎಲ್ಲರೆದುರು, ನನ್ನ ಅಂಗಳದಲ್ಲೇ?

೪ ಮೇ, ಗುರುವಾರ

ಉಡುಪಿ ಸ್ಟ್ಯಾಂಡ್. ಬೊಂಬಾಯಿ ಬಸ್ಸು. ಅಲ್ಲಿಂದ ಹಡಗು.

ಆಶೀರ್ವಾದ ಕೇಳಿ ತಲೆ ಬಗ್ಗಿಸಿದಳು. ಮೊದಲು ನನ್ನ ಮುಂದೆ! ಹಣೆಯ ಮೇಲೆ ಶಿಲುಬೆ ಗುರುತು ಹಾಕಿದೆ. ಆಮೇಲೆ ರೋಸಿ. ಮೊಯಿದಿನಬ್ಬ ದೂರ ನಿಂತಿದ್ದ, ಕರೆಯುವವರೆಗೂ ಬರಲಿಲ್ಲ. ಬಂದು ಅವಳ ತಲೆ ಮುಟ್ಟಿದ. ಒಂದೇ ಮಾತು ಹೇಳಿದ. ಇವತ್ತು ಅವಳು ನಗಲಿಲ್ಲ.

ಮೆಟ್ಟಿಲ ಹತ್ತಿರ ತಡೆಯಲಾರದೆ ಕೇಳಿದೆ: “ಆ ದಿನ ಟೋಸ್ಟಿನಲ್ಲಿ ಅವರು ಎಂತ ಹೇಳಿದರು ಮಗಾ?”

“ಅರ್ಧ ಹೇಳುತ್ತೇನೆ. ‘ಅಪ್ಪ ಇವಳನ್ನು ಹಡಗು ಹತ್ತಿಸಿದ. ಈ ಮನೆಯ ಇಮ್ಯಾನುಯೆಲ್ ಇವಳಿಗಾಗಿ ಬಸ್ಸು ನಿಲ್ಲಿಸಿದ.’ ನಾನು ಬಾಬು ಹತ್ತಿರ ನಿಮ್ಮ ಬಗ್ಗೆಯೇ ಅಲ್ವಾ ಯಾವಾಗಲೂ ಹೇಳುತ್ತಿದ್ದದ್ದು. ನೀವು ಬಸ್ಸಿಗೆ ಹೇಳುವ ಸುಳ್ಳುಗಳು... ಕೇಳಿ ಕೇಳಿ ನಗುತ್ತಿದ್ದರು.”

“ಉಳಿದ ಅರ್ಧ?”

“ಬಾಬು ಹತ್ತಿರವೇ ಕೇಳಿ.”

ಬಸ್ಸು ಹೊರಟಿತು. ತಡೆದು ನಿಲ್ಲಿಸಲು ಒಂದು ಸುಳ್ಳೂ ಹೊಳೆಯಲಿಲ್ಲ.

೧೪ ಮೇ, ಭಾನುವಾರ

ಭಾನುವಾರ ಸಂಜೆ ಮಣಿಪಾಲದ ಬಸ್ಸು ಸರಿಯಾದ ಹೊತ್ತಿಗೆ ಬಿಡುತ್ತಿದೆ. ಡ್ರೈವರ್ ಖುಷಿ. ಅವನ ಖುಷಿ ಕಂಡರೆ ನನಗೆ ಸಿಟ್ಟು.

ಬೆಳಿಗ್ಗೆ ಕಾಪುವಿಗೆ ಹೋಗಿದ್ದೆ. ಒಣಮೀನು ಬೇಕಿತ್ತು. ಮೊಯಿದಿನಬ್ಬ ಕಟ್ಟಿ ಕೊಟ್ಟ. ಅವನ ಕಣ್ಣು ಸಣ್ಣಗಾಗಿದೆ. ಅಂಗಡಿಯಲ್ಲಿ ಸ್ವಾಹಿಲಿ ಮಾತಾಡಲು ಇನ್ನು ಯಾರಿದ್ದಾರೆ?

“ಟೋಸ್ಟಿನ ಉಳಿದ ಅರ್ಧ?” ಎಂದೆ.

“ಹೇಳುತ್ತೇನೆ ಪೊರ್ಬುಗಳೇ. ಮುಂದಿನ ಭಾನುವಾರ ಬನ್ನಿ. ಆದರೆ ಬೆಳ್ಮಣ್ಣಿನ ಮೇಲೆ ಬರಬೇಡಿ, ಮೋರಿ ಕುಸಿದಿದೆ.” ಒಂದು ಚೂರೂ ನಗಲಿಲ್ಲ. “ಹೆಬ್ರಿ ಸುತ್ತಿ ಬನ್ನಿ.”

ಒಳಗಿನಿಂದ ಸಾರಮ್ಮ ನಕ್ಕದ್ದು ಕೇಳಿತು.

೨೧ ಮೇ, ಭಾನುವಾರ. ಹೆಬ್ರಿ ಸ್ಟ್ಯಾಂಡ್, ನಡು ಮಧ್ಯಾಹ್ನ

ಉಡುಪಿ ಬಸ್ಸಿಗೆ ಕಾಯುತ್ತಿದ್ದೇನೆ. ತಂಪು ಊರು ಎಂದು ಬರೆದಿದ್ದೆ, ತಪ್ಪು. ಬೆಂಚು ಕಾದಿದೆ.

ಚಹಾದಂಗಡಿಯವನಿಗೆ ಮಾತಿನ ಚಟ. “ಹೋದ ತಿಂಗಳು ಹೀಗೆಯೇ ಒಬ್ಬರು ವಯಸ್ಸಾದ ಬ್ಯಾರಿಗಳು ಕೂತಿದ್ದರು. ಇದೇ ಬೆಂಚಿನಲ್ಲಿ. ಕಾರ್ಕಳಕ್ಕೆ ಬಸ್ಸಿಲ್ಲ, ಯಾರೋ ತಪ್ಪು ಹೇಳಿದ್ದಾರೆ ಎಂದೆ. ‘ಇಲ್ಲ ಮಾರಾಯ, ತಪ್ಪಲ್ಲ’ ಎಂದರು. ಚಹಾ ಕೂಡ ಬೇಡವೆಂದರು. ಯಾವುದೋ ಭಾಷೆಯಲ್ಲಿ ಒಬ್ಬರೇ ಹೇಳಿಕೊಳ್ಳುತ್ತಿದ್ದರು, ನಿಲ್ಲಿಸುವುದು, ಮತ್ತೆ ಮೊದಲಿನಿಂದ. ಗ್ಲಾಸು ಹಿಡಿದ ಹಾಗೆ ಕೈ ಎತ್ತುವುದು ಬೇರೆ. ನಡುವೆ ಒಂದು ಹೆಸರು... ಇಮ್ಯಾನುಯೆಲ್ ಅಂತಲೋ ಎಂತದೋ.”

ಇಲ್ಲಿ ಕೂತು, ನನ್ನ ಸುಳ್ಳಿನ ನಡುಮಧ್ಯದಲ್ಲಿ, ನನ್ನನ್ನು ಹೊಗಳುವುದು ಕಲಿಯುತ್ತಿದ್ದ!

ನಾನಾಗಿದ್ದರೆ... ಬರೆಯುವುದಿಲ್ಲ. ಟೋಸ್ಟ್ ಎತ್ತುವುದು ಅವನಿಗೂ ಬರುತ್ತದೆ. ನನ್ನಷ್ಟು ಅಲ್ಲ. ಸ್ವಲ್ಪ ಬರುತ್ತದೆ.

ಉಡುಪಿ ಬಸ್ಸು ಬಂತು. ಅರ್ಧ ಖಾಲಿ. ಇಲ್ಲಿನ ಏಜೆಂಟನಿಗೆ ಕೂಗಲಿಕ್ಕೇ ಬರುವುದಿಲ್ಲ, ಸತ್ತ ಧ್ವನಿ. ಹೀಗೆ ಕೂಗಿದರೆ ಬಸ್ಸು ತುಂಬುವುದು ಯಾವಾಗ, ಕಾಪು ಮುಟ್ಟುವುದು ಯಾವಾಗ? ನಾನೇ ಎದ್ದು ಕೂಗುತ್ತೇನೆ: ‘ಉಡ್ಪಿ ಉಡ್ಪಿ ಉಡ್ಪೀ’.