ಬಾಗಿಲಾಚೆಯ ಡಬ್ಬಿ

ಆಗಸ್ಟ್ ೧೪, ಗುರುವಾರ

ನಿನ್ನೆಯಿಂದ ಎಷ್ಟು ಸೋಪು ಹಚ್ಚಿದರೂ ಕೈಯ ವಾಸನೆ ಹೋಗುತ್ತಿಲ್ಲ. ಇವತ್ತೂ ಊಟ ಸೇರಲಿಲ್ಲ.

ನಿನ್ನೆ ಆಪರೇಷನ್ನಿನಲ್ಲಿ ಇಜೇರಿಯ ದೌಲತರಾಯರ ಹೊಟ್ಟೆ ತೆರೆದಾಗ ಒಳಗೆಲ್ಲ ಮಲ. ಅಮೀಬಾ ತಿಂದ ದೊಡ್ಡ ಕರುಳು ಒದ್ದೆ ಕಾಗದದಂತೆ ಹಿಡಿದಲ್ಲೆಲ್ಲ ಹರಿಯುತ್ತಿತ್ತು. ತೂತು ಹೊಲಿಯಲು ಗಟ್ಟಿ ಜಾಗವೇ ಇರಲಿಲ್ಲ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಮಲಕ್ಕೆಂದು ಚೀಲ ಕಟ್ಟಿದೆ. ಉಳಿಯುತ್ತಾರೋ ಇಲ್ಲವೋ, ಹೇಳಲಾರೆ.

ಹತ್ತು ದಿನದ ಹಿಂದೆ ರಕ್ತಭೇದಿ ಎಂದು ಬಂದಿದ್ದರು. ಮಗಳು ಹೀರಾಬಾಯಿ ಪರೀಕ್ಷೆಯ ಮಲವನ್ನು ಡಬ್ಬಿಯಲ್ಲಿ ಹಿಡಿದು ನೇರ ನನ್ನ ಮೇಜಿಗೇ ತಂದಳು. ನಾನು ಮೂಗು ಮುಚ್ಚಿಕೊಂಡು, "ಏ, ಹೊರಗಿಡು ಬೇ ಅದನ್ನ!" ಎಂದು ಗದರಿದೆ. ಡಬ್ಬಿ ಮಧ್ಯಾಹ್ನದವರೆಗೆ ಬಾಗಿಲಾಚೆ ಕೂತು ಆರಿತು. ಬಿಸಿಯಿದ್ದಾಗಲೇ ನೋಡಿದರೆ ಅಮೀಬಾ ಹರಿದಾಡುವುದು ಕಾಣುತ್ತದೆ. ಅದು ನನಗೆ ಗೊತ್ತಿರಲಿಲ್ಲವೇ? ಲ್ಯಾಬಿನವರು ಏನೂ ಇಲ್ಲವೆಂದರು. ಸೋಂಕಿಲ್ಲದ ಉರಿಯೂತ ಎಂದುಕೊಂಡು ಸ್ಟೆರಾಯ್ಡ್ ಬರೆದೆ. ಅಮೀಬಾ ಹೊಕ್ಕ ಕರುಳಿಗೆ ಅದು ವಿಷ. ಥೂ, ನನ್ನ ಮೂಗಿಗಿಷ್ಟು.

ಇವತ್ತು ಸಂಜೆ ವಾರ್ಡಿಗೆ ಹೋದಾಗ ಹೀರಾಬಾಯಿ ಅಪ್ಪನ ಚೀಲದ ಬಾಯಿ ಬಿಚ್ಚಿ ಖಾಲಿ ಮಾಡುತ್ತಿದ್ದಳು. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ನನ್ನನ್ನು ಕಂಡವಳೇ ಗಡಬಡಿಸಿ ಸೆರಗಿನಿಂದ ಅದನ್ನು ಮುಚ್ಚಿದಳು.

"ಒಂಚೂರು ಹೊರಗ ನಿಂದರ್ರಿ ಸಾಹೇಬ್ರ. ನಿಮಗ ವಾಸ್ನಿ ಆಗಿ ಬರಂಗಿಲ್ಲ."

ನಾನು ಹೊರಗೆ ಹೋಗಿ ನಿಂತೆ.